ಗಾಳಿಯ ಲೆಕ್ಕಕ್ಕೆ ಎರಡನೇ ಫೋನು ಸರಿಯೇ?

ಮೊಬೈಲ್ ಗಾಲ್ಫ್ ಆಡುವವರಲ್ಲಿ ಎಷ್ಟೋ ಮಂದಿ ಆಟಕ್ಕೊಂದು ಫೋನು, ಗಾಳಿಗೆ ಚೆಂಡು ಎಷ್ಟು ಸರಿಯುತ್ತದೆಂದು ಲೆಕ್ಕ ಹಾಕುವ ಆಪ್‌ಗೆ ಇನ್ನೊಂದು ಫೋನು ಇಟ್ಟುಕೊಳ್ಳುತ್ತಾರೆ. ಕೆಲವರು ಆ ಲೆಕ್ಕದ ಪಟ್ಟಿಯನ್ನು ಮುದ್ರಿಸಿ ಮೇಜಿಗೆ ಅಂಟಿಸಿರುತ್ತಾರೆ. ಹೀಗೆ ಹೊರಗಿನ ನೆರವು ಪಡೆದು ಗೆದ್ದರೆ ಅದು ಗೆಲುವೇ?

ಪರ: ಲೆಕ್ಕ ಹಾಕುವುದೂ ಆಟವೇ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚೆಂಡು ಹೊಡೆಯುವಾಗ ಪರದೆಯಲ್ಲಿ ಅತ್ತಿಂದಿತ್ತ ಓಡಾಡುವ ಸೂಜಿಯನ್ನು, ಆಟಗಾರನ ಬೆರಳಿಲ್ಲದೆ ತಾನಾಗಿಯೇ ನಡುಗೆರೆಯಲ್ಲಿ ನಿಲ್ಲಿಸಿಬಿಡುವ ತಂತ್ರಾಂಶಗಳಿವೆಯಲ್ಲ, ಅವು ಶುದ್ಧ ಕಳ್ಳತನ. ಅವುಗಳ ಪರವಾಗಿ ನಾನು ಒಂದು ಸಾಲೂ ಬರೆಯುವುದಿಲ್ಲ. ನನ್ನ ವಕಾಲತ್ತು ಭಾಗಾಕಾರದ ಪರ.

2017ರಲ್ಲಿ ಬಂದ ‘ಗಾಲ್ಫ್ ಕ್ಲಾಷ್’ ಆಡಿದವರಿಗೆ ಇದು ಗೊತ್ತು. ಗುರಿಯ ಸುತ್ತ ಬಣ್ಣಬಣ್ಣದ ಬಳೆಗಳು. ಗಾಳಿ ಯಾವ ಕಡೆಗೆ ಎಂದು ತೋರಿಸುವ ಬಾಣ, ಪಕ್ಕದಲ್ಲಿ ಗಂಟೆಗೆ ಎಷ್ಟು ಮೈಲಿ ಎಂಬ ಅಂಕಿ, ಅದೂ ದಶಮಾಂಶ ಸಮೇತ. ಕೈಯಲ್ಲಿರುವ ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ನಿಖರತೆ ಎಷ್ಟು, ಚೆಂಡನ್ನು ಅದರ ಪೂರ್ತಿ ದೂರಕ್ಕೆ ಹೊಡೆಯುತ್ತೇವೋ ಕಡಿಮೆ ದೂರಕ್ಕೋ ಎಂಬುದನ್ನು ನೋಡಿ, ಗಾಳಿಗೆ ಎದುರಾಗಿ ಗುರಿಯನ್ನು ಎಷ್ಟು ಬಳೆ ಸರಿಸಬೇಕೆಂದು ತೀರ್ಮಾನಿಸಬೇಕು. ಮಗ್ಗಿ ಬಾಯಿಪಾಠ ಇದ್ದವರು ಇದನ್ನು ತಲೆಯಲ್ಲೇ ಮಾಡುತ್ತಾರೆ. ನನಗೆ ಹದಿಮೂರರ ಮಗ್ಗಿ ಅಂದೂ ಬರಲಿಲ್ಲ, ಇಂದೂ ಬರುವುದಿಲ್ಲ. ಹಾಗಾಗಿ ಫೋನಿನಲ್ಲಿ ಒತ್ತಿ ನೋಡುತ್ತೇನೆ. ಸೂಜಿ ನಿಲ್ಲಿಸುವುದು ಆಮೇಲೂ ನನ್ನ ಬೆರಳೇ, ಅದು ನಡುಗಿದರೆ ಚೆಂಡು ಮರಳಿನ ಗುಂಡಿಗೆ ಬೀಳುವುದೂ ನನ್ನದೇ.

ನಿಜವಾದ ಗಾಲ್ಫ್‌ನಲ್ಲಿ ಗಾಳಿಯನ್ನು ಉಪಕರಣದಿಂದ ಅಳೆಯುವಂತಿಲ್ಲ ಎಂದು ನಿಯಮ ತೋರಿಸುವವರಿದ್ದಾರೆ. ಸರಿ ಸ್ವಾಮಿ, ಆದರೆ ಇಲ್ಲಿ ಅಳೆದು ಕೊಟ್ಟವರು ಯಾರು? ಆಟವೇ ಅಂಕಿಯನ್ನು ಕಣ್ಣೆದುರಿಗಿಟ್ಟಿದೆ. ಅಂಕಿ ಕೊಟ್ಟು ‘ಲೆಕ್ಕ ಮಾಡಬೇಡ’ ಅನ್ನುವುದು, ಎಲೆಗೆ ಬಡಿಸಿ ‘ಕೈ ಹಾಕಬೇಡ’ ಅಂದಂತೆ.

ಇನ್ನು ಗಾಲ್ಫ್ ಆಟ ಎಂದಾದರೂ ಒಂಟಿಯಾಗಿ ನಡೆದಿದೆಯೇ? ಪ್ರತಿ ಕುಳಿಯ ದೂರ, ಇಳಿಜಾರು ಬರೆದಿಟ್ಟ ಪುಸ್ತಕ ಆಟಗಾರರ ಹಿಂಬದಿ ಜೇಬಿನಲ್ಲೇ ಇರುತ್ತದೆ. ದೂರ ಅಳೆಯುವ ಯಂತ್ರಕ್ಕೆ 2006ರಿಂದ ಸ್ಥಳೀಯ ನಿಯಮದ ಮೂಲಕ ಅವಕಾಶ ಸಿಕ್ಕಿತು, 2019ರಿಂದ ಅದು ಸಾಮಾನ್ಯ ನಿಯಮವೇ ಆಯಿತು. 2021ರಲ್ಲಿ ಅಮೆರಿಕದ ಕಿಯಾವಾ ಐಲ್ಯಾಂಡ್‌ನಲ್ಲಿ ನಡೆದ ದೊಡ್ಡ ಟೂರ್ನಿ ಪಿಜಿಎ ಚಾಂಪಿಯನ್‌ಶಿಪ್‌ನಲ್ಲೂ ಆ ಯಂತ್ರಗಳಿಗೆ ಅನುಮತಿಯಿತ್ತು. ಅಲ್ಲಿ ಐವತ್ತರ ಫಿಲ್ ಮಿಕಲ್‌ಸನ್ ಗೆದ್ದಾಗ, ಯಂತ್ರ ಗೆಲ್ಲಿಸಿತು ಎಂದು ಯಾರೂ ಗೊಣಗಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತಿಗಾಗಿ ಬೆಳಗಿನ ಜಾವ ಎದ್ದು ಕುಳಿತವರು ನಾವು (ನಮ್ಮಲ್ಲಿ ಅರ್ಧ ಜನಕ್ಕೆ ‘ಬರ್ಡಿ’ ಎಂಬ ಗಾಲ್ಫ್ ಮಾತಿನ ಅರ್ಥ ಗೊತ್ತಾಗಿದ್ದೇ ಅವತ್ತು). ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಕ್ಲಬ್ಬುಗಳ ಚೀಲ ಹೊತ್ತು ಕ್ಯಾಡಿಯಾಗಿ ಜೊತೆಗೆ ನಡೆದದ್ದು ಅವರ ತಾಯಿ. ಕ್ಯಾಡಿ ಇರುವುದೇ ನೆರವಿಗೆ. ಫೋನ್ ಆಟದಲ್ಲಿ ನನಗೆ ಕ್ಯಾಡಿ ಇಲ್ಲ, ಒಂದು ಪಟ್ಟಿ ಇದೆ, ಅಷ್ಟೇ.

ಕೊನೆಯದಾಗಿ ದುಡ್ಡಿನ ಮಾತು. ಗಾಲ್ಫ್ ಕ್ಲಾಷ್ ಕಟ್ಟಿದ ಪ್ಲೇಡೆಮಿಕ್ ಸಂಸ್ಥೆಯನ್ನು 2021ರಲ್ಲಿ ವಿಡಿಯೋ ಗೇಮ್ ಕಂಪನಿ ಇಎ ಕೊಂಡದ್ದು 140 ಕೋಟಿ ಡಾಲರ್‌ಗೆ. ಪುಕ್ಕಟೆ ಆಟಕ್ಕೆ ಅಷ್ಟು ಬೆಲೆ ಬಂದದ್ದು, ಜನ ದುಡ್ಡು ಕೊಟ್ಟು ಆಟದೊಳಗಿನ ಪೆಟ್ಟಿಗೆ ತೆರೆದು ಕ್ಲಬ್ಬುಗಳನ್ನು ಬಲಪಡಿಸಿಕೊಳ್ಳುವುದರಿಂದ. ಎದುರಾಳಿ ಸಾವಿರಾರು ರೂಪಾಯಿ ಸುರಿದು ಉದ್ದ ಹೊಡೆಯುವ ಕ್ಲಬ್ ತಂದರೆ ನ್ಯಾಯ, ನಾನು ಬಿಟ್ಟಿ ಲೆಕ್ಕಯಂತ್ರ ತೆರೆದರೆ ಅನ್ಯಾಯ! ದುಡ್ಡಿಲ್ಲದವನಿಗೆ ಉಳಿದಿರುವುದು ಲೆಕ್ಕವೊಂದೇ.

ವಿರೋಧ: ಗುಳಿಗೆ ಕೈ ಹಾಕಿ ಎಣಿಸಬಾರದು

ನಮ್ಮ ಮನೆಯಲ್ಲಿ ಅಳಗುಳಿಮಣೆ ಆಡುವಾಗ ಅಜ್ಜಿಯದು ಒಂದೇ ಕಟ್ಟುನಿಟ್ಟು: ಗುಳಿಯೊಳಗಿನ ಹುಣಸೆಬೀಜವನ್ನು ಕೈ ಹಾಕಿ ಎಣಿಸಬಾರದು. ಕಣ್ಣಲ್ಲೇ ಅಂದಾಜು ಮಾಡಬೇಕು, ಎತ್ತಿದ ಮೇಲೆ ಆಡಲೇಬೇಕು. ಎಣಿಸಿದರೆ ತಪ್ಪೇನು ಎಂದು ಒಮ್ಮೆ ಕೇಳಿದ್ದೆ. “ಎಣಿಸೋದಾದ್ರೆ ಆಡೋದು ಯಾಕೋ, ಅಂಗಡೀಲಿ ಕೂತ್ಕೋ” ಅಂದಿದ್ದರು.

ಗಾಲ್ಫ್‌ನ ನಿಯಮ 4.3 ಓದಿದಾಗ ಅಜ್ಜಿ ನೆನಪಾದರು. ಹವಾಮಾನ ವರದಿ ಓದಿಕೊಂಡು ಬರಬಹುದು, ದೂರ ಅಳೆಯಬಹುದು. ಆದರೆ ಮೈದಾನದಲ್ಲಿ ಗಾಳಿಯ ವೇಗ ಅಳೆಯುವಂತಿಲ್ಲ. ಗಾಳಿಯ ದಿಕ್ಕು ತಿಳಿಯಲು ಪುಡಿ ತೂರುವಂತಿಲ್ಲ, ಕರವಸ್ತ್ರ ಹಾರಿಸುವಂತಿಲ್ಲ. ನಾಲ್ಕು ಎಳೆ ಹುಲ್ಲು ಕಿತ್ತು ತೂರಿದರೆ ಮಾತ್ರ ಅಡ್ಡಿಯಿಲ್ಲ. ಮೊದಲ ಸಲ ತಪ್ಪಿದರೆ ದಂಡ, ಎರಡನೆಯ ಸಲಕ್ಕೆ ಆಟದಿಂದಲೇ ಹೊರಗೆ. ಕರವಸ್ತ್ರಕ್ಕೂ ಹುಲ್ಲಿಗೂ ಏನು ವ್ಯತ್ಯಾಸ ಎಂದು ನಗಬಹುದು. ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕಿತ್ತು, ಎಳೆದಿದ್ದಾರೆ. 2018ರಲ್ಲಿ ಅಮೆರಿಕದ ಗಾಲ್ಫ್ ಆಟಗಾರ ಬ್ರೈಸನ್ ಡಿಶಾಂಬೊ ಕುಳಿಯ ನಕ್ಷೆಯ ಮೇಲೆ ಶಾಲೆಮಕ್ಕಳ ಕೈವಾರ ಇಟ್ಟು ಅಳೆಯುತ್ತಿದ್ದಾಗಲೂ ಇದೇ ಆಯಿತು. ನಕ್ಷೆ ಇಟ್ಟುಕೊಳ್ಳಬಹುದು, ಕೈವಾರ ಕೂಡದು ಎಂದಿತು ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ.

ಆಟವೇ ಅಂಕಿ ಕೊಟ್ಟಿದೆಯಲ್ಲ ಎಂಬ ವಾದಕ್ಕೆ ಬರೋಣ. ಕೊಟ್ಟಿದೆ, ಇಬ್ಬರಿಗೂ ಕೊಟ್ಟಿದೆ, ಒಂದೇ ಪರದೆಯಲ್ಲಿ. ಜೊತೆಗೆ ಪ್ರತಿ ಹೊಡೆತಕ್ಕೂ ಒಂದು ಗಡಿಯಾರ ಓಡುತ್ತಿರುತ್ತದೆ. ಆ ಅಷ್ಟು ಸೆಕೆಂಡಿನಲ್ಲಿ ಅಂದಾಜು ಮಾಡು ಎನ್ನುವುದೇ ಅಲ್ಲಿನ ಪರೀಕ್ಷೆ. ಸೂಜಿ ನಿಲ್ಲಿಸುವುದು ಬೆರಳಿನ ಚುರುಕು ಮಾತ್ರ. ಬುದ್ಧಿಗೆ ಕೆಲಸವಿರುವುದು ಗಾಳಿಯಲ್ಲಿ. ಬುದ್ಧಿಯ ಕೆಲಸವನ್ನು ಇನ್ನೊಂದು ಫೋನಿಗೆ ಕೊಟ್ಟು ‘ಬೆರಳು ನನ್ನದೇ’ ಅಂದರೆ, ಉಳಿದದ್ದೆಷ್ಟು?

ಕ್ಯಾಡಿಯ ಹೋಲಿಕೆಯೂ ನಿಲ್ಲುವುದಿಲ್ಲ. ಕ್ಯಾಡಿ ಎಲ್ಲರ ಕಣ್ಣೆದುರಿಗೆ ನಡೆಯುತ್ತಾರೆ, ಎದುರಾಳಿಗೂ ಒಬ್ಬರಿರುತ್ತಾರೆ. ಗಾಲ್ಫ್ ಕ್ಲಾಷ್‌ನಲ್ಲಿ ಇಬ್ಬರೂ ನಾಣ್ಯ ಕಟ್ಟಿ ಆಡುತ್ತಾರೆ, ಗೆದ್ದವರಿಗೆ ಅಷ್ಟೂ ಹೋಗುತ್ತದೆ. ಇನ್ನೊಂದು ತುದಿಯಲ್ಲಿ ಬಸ್ಸಿನಲ್ಲಿ ನಿಂತು ಒಂದೇ ಕೈಯಲ್ಲಿ ಆಡುತ್ತಿರುವವನಿಗೆ, ಇತ್ತ ಮೇಜಿನ ಮೇಲೆ ಏನೇನು ಹರಡಿದೆ ಎಂದು ಕಾಣುವುದೇ ಇಲ್ಲ. ನನ್ನ ತಕರಾರು ನೆರವಿನ ಮೇಲಲ್ಲ, ಈ ಕಾಣದಿರುವಿಕೆಯ ಮೇಲೆ. 2021ರ ಜೂನ್‌ನಲ್ಲಿ ವಿಶ್ವನಾಥನ್ ಆನಂದ್ ಎದುರು ಆನ್‌ಲೈನ್ ಚೆಸ್ ಆಡಿದ ಬೆಂಗಳೂರಿನ ಉದ್ಯಮಿಯೊಬ್ಬರು ಗೆದ್ದು, ಮರುದಿನ ಕಂಪ್ಯೂಟರಿನ ನೆರವಿತ್ತು ಎಂದು ಒಪ್ಪಿಕೊಂಡದ್ದು ನೆನಪಿರಬಹುದು. ಅದು ಕೋವಿಡ್ ಸಹಾಯಾರ್ಥ ಪಂದ್ಯ, ಮೋಜಿಗಾಗಿ ಆಡಿದ್ದು. ಆದರೂ ಜನಕ್ಕೆ ಸಿಟ್ಟು ಬಂತು. ಚೆಸ್ ಎಂಜಿನ್ (ಚೆಸ್ ಆಡುವ ತಂತ್ರಾಂಶ) ನಡೆಯನ್ನೇ ಹೇಳಿಕೊಡುತ್ತದೆ, ಗಾಳಿಯ ಪಟ್ಟಿ ಅಷ್ಟು ಹೇಳುವುದಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಆನಂದ್‌ಗೆ ತಿಳಿಸದೆ ಆಡಿದ್ದೇ ಜನರನ್ನು ಕೆಣಕಿದ್ದು. ಗೆಳೆಯರಿಬ್ಬರು ಮೊದಲೇ ಮಾತಾಡಿಕೊಂಡು ಪಟ್ಟಿ ಇಟ್ಟುಕೊಂಡು ಆಡಿದರೆ ನನ್ನದೇನೂ ಅಭ್ಯಂತರವಿಲ್ಲ.

ದುಡ್ಡು ಸುರಿದು ಕ್ಲಬ್ ಕೊಳ್ಳುವುದು ಅನ್ಯಾಯ, ನಿಜ. ಆದರೆ ಆ ಸಿಟ್ಟು ಕಂಪನಿಯ ಮೇಲಿರಬೇಕು. ನಾಣ್ಯ ಕಳೆದುಕೊಂಡವನು ನಿಮ್ಮಂತೆಯೇ ಬಿಟ್ಟಿ ಕ್ಲಬ್ ಹಿಡಿದ ಪಾಪದವನಾಗಿದ್ದರೆ?

ನನ್ನ ಅಣ್ಣನ ಮಗ ಈ ಲೆಕ್ಕದಲ್ಲಿ ಪಂಡಿತ. ಹಬ್ಬಕ್ಕೆ ಊರಿಗೆ ಬಂದಾಗ ಜಗಲಿಯಲ್ಲಿ ಕೂತು ನನ್ನನ್ನು ಆಟಕ್ಕೆ ಕರೆದ. ಎರಡು ಹೊಡೆತ ಮುಗಿದಿತ್ತು, ಗಾಳಿ ಅಡ್ಡ ಬೀಸುತ್ತಿತ್ತು. ಊರಿನಲ್ಲಿ ಸಿಗ್ನಲ್ ಒಂದೇ ಕಡ್ಡಿ. ಅವನು ಎರಡನೇ ಫೋನನ್ನು ಮೇಲೆ ಕೆಳಗೆ ಆಡಿಸಿದ, ಅಂಗಳದ ತುದಿಯವರೆಗೆ ಹೋಗಿ ಬಂದ. ಅಷ್ಟರಲ್ಲಿ ಗಡಿಯಾರ ಮುಗಿಯಿತು.

“ಚಿಕ್ಕಪ್ಪಾ, ಆಪ್ ಓಪನ್ ಆಗ್ತಿಲ್ಲ. ಮೈಸೂರಿಗೆ ಹೋದ್ಮೇಲೆ ಆಡೋಣ” ಅಂದ.