ಸಹಿ ಹಾಕಲು ಒಂದು ಜಾಗ

2022ರ ಆಗಸ್ಟ್ 26. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಹೊಲದ ಕೂಲಿಯವರ ಮೆರವಣಿಗೆಗೆ ಕೊನೆಯ ದಿನ ನಾನೂ ಸೇರಿಕೊಂಡೆ. ಅದೇ ರಾಜ್ಯದ ಡೆಲಾನೊ ಊರಿನಿಂದ 24 ದಿನ ನಡೆದು ಬಂದಿದ್ದರು. 335 ಮೈಲಿ, ಅಂದರೆ ಬೆಂಗಳೂರಿಂದ ಬೆಳಗಾವಿಗಿಂತ ಜಾಸ್ತಿ ದೂರ. ನನ್ನ ಪಕ್ಕದ ಹೆಂಗಸು ಬೂಟಿನ ಹಿಂಬದಿ ತುಳಿದು ಚಪ್ಪಲಿಯಂತೆ ಮೆಟ್ಟಿಕೊಂಡಿದ್ದರು. ಹಿಮ್ಮಡಿ ತುಂಬ ಬೊಬ್ಬೆ. ಕೈಯಲ್ಲಿದ್ದ, ಕೂಲಿಯವರ ಸಂಘದ ಕರಿ ಹದ್ದಿನ ಕೆಂಪು ಬಾವುಟ ಮಾತ್ರ ಇಳಿಸಲಿಲ್ಲ.

ಸಂಘ ಬೇಕೋ ಬೇಡವೋ ಅಂತ ಹೇಳಲು ಧಣಿಯ ಕಣ್ಣಿಗೆ ಬೀಳದ ಜಾಗ ಬೇಕು ಎಂದು ಅವರು ಕೇಳುತ್ತಿದ್ದರು. ಅಲ್ಲಿಯವರೆಗೆ ಆ ಮತದಾನ ಹೆಚ್ಚಾಗಿ ತೋಟದಲ್ಲೇ ನಡೆಯುತ್ತಿತ್ತು. ಮೇಸ್ತ್ರಿ ಅಲ್ಲೇ ಸುಳಿದಾಡುವಾಗ ಅಮೆರಿಕದಲ್ಲಿರಲು ಕಾಗದಪತ್ರ ಇಲ್ಲದ ಕೂಲಿಯವನಿಗೆ ಧೈರ್ಯ ಎಲ್ಲಿಂದ ಬರಬೇಕು?

ನನಗೆ ಇದು ಹೊಸದಲ್ಲ. ನಾನು ವಿಜಯಪುರದ ಕಡೆಯವನು. ಡೆಲಾನೊದವರ ಹಾಗೆ ನಮ್ಮದೂ ದ್ರಾಕ್ಷಿ. ಸಂತೆಯ ದಿನ ಬಟವಡೆ. ಅಪ್ಪ ಪಡಸಾಲೆಯಲ್ಲಿ ಕೂತು ದುಡ್ಡು ಎಣಿಸಿಕೊಟ್ಟು, "ಸಾಕೇನವಾ?" ಎನ್ನುತ್ತಿದ್ದರು. ಕಟ್ಟೆ ಕೆಳಗೆ ನಿಂತ ಹೆಣ್ಣಾಳುಗಳು ಸೆರಗಿನ ತುದಿಗೆ ಗಂಟು ಹಾಕುತ್ತಾ, "ಸಾಕ್ರೀ ಯಪ್ಪಾ" ಎನ್ನುತ್ತಿದ್ದರು. ಹಿತ್ತಿಲಲ್ಲಿ ಅವ್ವನ ಹತ್ತಿರ ಮಾತೇ ಬೇರೆ. "ಇಷ್ಟರಾಗ ಸಂತಿ ಹೆಂಗ ಮಾಡೂದ್ರೀ ಅವ್ವಾರ?" ಅಪ್ಪ ಕೆಟ್ಟವರಲ್ಲ. ಆದರೆ ಆ ಕಟ್ಟೆ ಮುಂದೆ ಯಾರೂ ನಿಜ ಹೇಳುವಂತಿರಲಿಲ್ಲ.

ಕಾಗದದ ಮೇಲೆ ನೋಡಿದರೆ ನಾವೇ ಮುಂದೆ. 1948ರ ನಮ್ಮ ಕನಿಷ್ಠ ಕೂಲಿ ಕಾನೂನು ಹೊಲದ ಕೆಲಸವನ್ನೂ ಸೇರಿಸಿಕೊಂಡಿತು. ಅಮೆರಿಕದ 1935ರ ಕಾರ್ಮಿಕ ಕಾನೂನು ಹೊಲದ ಆಳುಗಳನ್ನು ಹೊರಗೇ ಇಟ್ಟಿತು. ಇವರು ಬಿಡಲಿಲ್ಲ. 1966ರಲ್ಲೂ ಡೆಲಾನೊದಿಂದಲೇ ಸ್ಯಾಕ್ರಮೆಂಟೊಗೆ ನಡೆದರು. ಸಂಘ ಕಟ್ಟುವ ಹಕ್ಕಿಗೆ ಕ್ಯಾಲಿಫೋರ್ನಿಯಾ 1975ರಲ್ಲಿ ತನ್ನದೇ ಕಾನೂನು ತಂದಿತು. ನಾವೂ ಹೋರಾಟ ಕಂಡವರೇ, 1980ರ ನರಗುಂದ-ನವಲಗುಂದ ಮರೆಯಲಾದೀತೇ? ಆದರೆ ಅದು ಹೊಲ ಇದ್ದವರ ಹೋರಾಟ. ಇನ್ನೊಬ್ಬರ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೆ ಸಂಘ ಇರಬೇಕು ಅಂತ ನಮಗೆ ಹೊಳೆಯುವುದೇ ಅಪರೂಪ. ಉದ್ಯೋಗ ಖಾತ್ರಿ ಕೂಲಿಯವರನ್ನು ಒಟ್ಟುಗೂಡಿಸಿದ ಗ್ರಾಕೂಸ್ (ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ) ನಂಥವರನ್ನು ನೋಡಿದರೆ ಆಸೆ ಹುಟ್ಟುತ್ತದೆ.

ಹಿಂದಿನ ವರ್ಷ ಇಂಥದೇ ಮಸೂದೆಯನ್ನು ತಿರಸ್ಕರಿಸಿದ್ದ ಕ್ಯಾಲಿಫೋರ್ನಿಯಾ ಗವರ್ನರ್ ನ್ಯೂಸಮ್, ಮೆರವಣಿಗೆಯವರು ಕೇಳಿದ್ದ ಮಸೂದೆಗೆ 2022ರ ಸೆಪ್ಟೆಂಬರ್ 28ರಂದು ಸಹಿ ಹಾಕಿದರು. ಅರ್ಧಕ್ಕಿಂತ ಹೆಚ್ಚು ಕೂಲಿಯವರು ಸಂಘ ಬೇಕು ಎನ್ನುವ ಕಾರ್ಡಿಗೆ ಸಹಿ ಹಾಕಿದರೆ ಸಂಘ ಆಗುವ ದಾರಿ ತೆರೆಯಿತು. ಮನೆಯಲ್ಲೇ ಕೂತು ಹಾಕಬಹುದು.

ಆ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಈಗ ತೋಟ ನೋಡಿಕೊಳ್ಳುವವನು ಅವನೇ. "ಈ ಸಲ ಕಟಾವಿನ ಕೂಲಿ ಎಷ್ಟು ಅಂತ ಅವರೇ ಕೂತು ಮಾತಾಡಲಿ. ನೀ ಅಲ್ಲಿ ನಿಲ್ಲಬ್ಯಾಡ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ನೋಡೂಣು ತಡಿ, ಅಣ್ಣಾ" ಅಂದ.