ಊದಿದ ಕೂಡಲೇ ಕ್ಯಾನ್ಸರ್ ಗೊತ್ತಾಗುತ್ತಾ?

'ಒಂದು ಸಲ ಊದಿದ್ರೆ ಸಾಕು, ಶ್ವಾಸಕೋಶದ ಕ್ಯಾನ್ಸರ್ ಇದೆಯಾ ಇಲ್ವಾ ಗೊತ್ತಾಗುತ್ತೆ' ಅನ್ನುವ ಸುದ್ದಿ ಆಗಾಗ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಪೂರ್ತಿ ಸುಳ್ಳೇನಲ್ಲ. ಆದರೆ ನಂಬಿ ಕೂರುವಷ್ಟು ನಿಜವೂ ಅಲ್ಲ.

1971ರಲ್ಲೇ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ನಮ್ಮ ಉಸಿರಿನಲ್ಲಿ ಸುಮಾರು 250 ಬಗೆಯ ವಸ್ತುಗಳಿವೆ ಅಂತ ತೋರಿಸಿದ್ದರು. ಜೀವಕೋಶದ ಕೊಬ್ಬು ಒಡೆದಾಗ ಪೆಂಟೇನ್, ಹೆಕ್ಸನಾಲ್ ತರದ ಆವಿಗಳು ಹುಟ್ಟಿ ರಕ್ತಕ್ಕೆ ಸೇರುತ್ತವೆ, ಉಸಿರಿನ ಜೊತೆ ಹೊರಗೆ ಬರುತ್ತವೆ. ಕ್ಯಾನ್ಸರ್ ಇದ್ದರೆ ಈ ಆವಿಗಳ ಪ್ರಮಾಣ ಬದಲಾಗಬಹುದು ಅನ್ನುವುದೇ ಈ ಪರೀಕ್ಷೆಯ ಹಿಂದಿನ ಯೋಚನೆ. ಉಸಿರಿನಲ್ಲಿ ಅವು ಇರುವುದು ನೂರು ಕೋಟಿ ಭಾಗದಲ್ಲಿ ಒಂದೆರಡು ಭಾಗ, ಕೆಲವೊಮ್ಮೆ ಅದಕ್ಕೂ ಕಮ್ಮಿ. ಅದನ್ನೂ ಹಿಡಿಯುವ ಯಂತ್ರಗಳಿವೆ.

ಹಾಗಾದರೆ ತೊಡಕೆಲ್ಲಿ? ಕ್ಯಾನ್ಸರ್ ಇರುವವರು ಆಸ್ಪತ್ರೆಯಲ್ಲಿ ಊದುತ್ತಾರೆ. ಹೋಲಿಸಿ ನೋಡಲು ಕರೆಸಿದ ಆರೋಗ್ಯವಂತರು ಎಷ್ಟೋ ಸಲ ಇನ್ನೆಲ್ಲೋ ಊದುತ್ತಾರೆ. ಆಸ್ಪತ್ರೆಯ ಗಾಳಿಯಲ್ಲಿ ಸ್ಯಾನಿಟೈಸರ್ ಆವಿ ಇರುತ್ತದೆ. ಸಿಗರೇಟು ಸೇದುವವರ ಉಸಿರಿನಲ್ಲಿ ಬೆಂಜೀನ್ ಇರುತ್ತದೆ. ಯಂತ್ರ ಕಂಡುಹಿಡಿದದ್ದು ಕ್ಯಾನ್ಸರನ್ನೋ, ಸಿಗರೇಟನ್ನೋ, ಆಸ್ಪತ್ರೆಯ ಗಾಳಿಯನ್ನೋ? ಒಂದು ಲ್ಯಾಬ್ ಕೊಡುವ ಆವಿಗಳ ಪಟ್ಟಿ ಇನ್ನೊಂದು ಲ್ಯಾಬಿನ ಪಟ್ಟಿಗೆ ಹೊಂದುವುದೇ ಕಷ್ಟ. ಸುದ್ದಿ ಬರೆಯುವವರು ಇದನ್ನು ಬಿಟ್ಟೇ ಬಿಡುತ್ತಾರೆ, ನನಗೆ ಸಿಟ್ಟು ಬರುವುದು ಅದಕ್ಕೇ.

ಆಮೇಲೆ ಇಂಥ ಸುದ್ದಿಗಳಲ್ಲಿ ಬರುವ 'ಶೇ. 90 ನಿಖರ' ಅನ್ನೋ ಮಾತು. ಸುಮ್ನೆ ಲೆಕ್ಕ ಹಾಕಿ. 1000 ಜನರಲ್ಲಿ 10 ಮಂದಿಗೆ ಕ್ಯಾನ್ಸರ್ ಇದೆ ಅಂದುಕೊಳ್ಳಿ. ಯಂತ್ರ 9 ಜನರನ್ನು ಸರಿಯಾಗಿ ಹಿಡಿಯುತ್ತದೆ. ಉಳಿದ 990 ಆರೋಗ್ಯವಂತರಲ್ಲಿ 99 ಮಂದಿಗೂ 'ಇದೆ' ಅನ್ನುತ್ತದೆ! ಆ 99 ಮನೆಗಳಲ್ಲಿ ಅವತ್ತು ಯಾರಿಗೆ ನಿದ್ದೆ ಬರುತ್ತೆ?

ಬೇಗ ಪತ್ತೆಯಾಗಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಶ್ವಾಸಕೋಶದ ಒಳಗೆ ಗಂಟು ಬೆಳೆದರೂ ಸಾಮಾನ್ಯವಾಗಿ ನೋವಾಗುವುದಿಲ್ಲ. ಕೆಮ್ಮಿದಾಗ ರಕ್ತ ಕಾಣುವ ಹೊತ್ತಿಗೆ ಎಷ್ಟೋ ಜನರಿಗೆ ತಡವಾಗಿರುತ್ತದೆ. 2022ರಲ್ಲಿ ಜಗತ್ತಿನಾದ್ಯಂತ ಈ ಕ್ಯಾನ್ಸರ್‌ಗೆ ಸುಮಾರು 18 ಲಕ್ಷ ಮಂದಿ ಬಲಿಯಾದರು.

ಸದ್ಯಕ್ಕೆ ಸಾವು ತಗ್ಗಿಸುತ್ತದೆ ಅಂತ ದೊಡ್ಡ ಪರೀಕ್ಷೆಯಲ್ಲಿ ಸಾಬೀತಾಗಿರುವುದು ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್. ಅಮೆರಿಕದಲ್ಲಿ ಜಾಸ್ತಿ ಸಿಗರೇಟು ಸೇದಿದ್ದ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಧ್ಯಯನ ಮಾಡಿದ್ದರು. ಅದರ ಫಲಿತಾಂಶ 2011ರಲ್ಲಿ ಬಂತು: ಎಕ್ಸ್‌ರೇ ತೆಗೆಸಿಕೊಂಡವರಿಗಿಂತ ಸಿಟಿ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವು ಶೇ. 20 ಕಡಿಮೆ. ಆದರೆ ಸಿಟಿಯೂ ಅನುಮಾನದ ಗುಮ್ಮನೇ. ಅಲ್ಲಿ 'ಏನೋ ಇದೆ' ಅಂತ ಬಂದ ವರದಿಗಳಲ್ಲಿ ಶೇ. 96ರಷ್ಟು ಕ್ಯಾನ್ಸರ್ ಆಗಿರಲಿಲ್ಲ.

ಉಸಿರಿನ ಪರೀಕ್ಷೆಗೆ ಸರಿಯಾದ ಜಾಗ ಇಲ್ಲೇ ಅಂತ ನನಗನ್ನಿಸುತ್ತದೆ. ಸಿಟಿಯಲ್ಲಿ ಗಂಟು ಕಂಡವರಲ್ಲಿ ಯಾರಿಗೆ ಸೂಜಿ ಚುಚ್ಚಿ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಮಾಡಬೇಕು, ಯಾರು ಕಾಯಬಹುದು ಅಂತ ಹೇಳುವ ಮಟ್ಟಕ್ಕೆ ಬಂದರೂ ದೊಡ್ಡ ಉಪಕಾರ. ಹೊಟ್ಟೆಯ ಎಚ್. ಪೈಲೋರಿ ಬ್ಯಾಕ್ಟೀರಿಯಾ ಪತ್ತೆಗೆ ಉಸಿರಿನ ಪರೀಕ್ಷೆ ಆಗಲೇ ಬಳಕೆಯಲ್ಲಿದೆ ನೋಡಿ. ಅಲ್ಲಿ ಗುರುತು ಹಾಕಿದ, ಅಂದರೆ ಯಂತ್ರ ಪತ್ತೆಹಚ್ಚಬಲ್ಲ ವಿಶೇಷ ಇಂಗಾಲವಿರುವ, ಯೂರಿಯಾ ಕುಡಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದನ್ನು ಒಡೆಯುತ್ತದೆ, ಗುರುತು ಉಸಿರಿನಲ್ಲಿ ಬರುತ್ತದೆ. ಸಾವಿರ ವಾಸನೆಗಳ ನಡುವೆ ತಡಕಾಡುವ ಕಷ್ಟವಿಲ್ಲ. ಕ್ಯಾನ್ಸರ್‌ಗೂ ಹೀಗೇ ಗುರುತಿನ ವಸ್ತು ಕೊಟ್ಟು ನೋಡುವ ದಾರಿಯಲ್ಲಿ ಕೆಲವು ತಂಡಗಳು ಹೊರಟಿವೆ. ನನ್ನ ಭರವಸೆ ಜಾಸ್ತಿ ಇರುವುದು ಅವರ ಮೇಲೆ.

ವರ್ಷಗಟ್ಟಲೆ ಸೇದಿದವರು ಅಲ್ಲಿಯವರೆಗೆ ಊದುವ ಯಂತ್ರಕ್ಕೆ ಕಾಯಬೇಡಿ. ಸಿಟಿ ಬೇಕಾ ಅಂತ ಡಾಕ್ಟರನ್ನು ಈಗಲೇ ಕೇಳಿ.