ಸತ್ಯಾಂಶ: ಮಾರ್ಚ್‌ನಲ್ಲಿ ಗುಲ್ಮಾರ್ಗ್‌ಗೆ ಬೀಳುವ ಹಿಮ ನಕಲಿಯಲ್ಲ

‘ಒಂದೇ ದಿನ ಶ್ರೀನಗರದಲ್ಲಿ ಮಳೆ, ಗುಲ್ಮಾರ್ಗ್‌ನಲ್ಲಿ ಹಿಮ. ಅದೂ ಮಾರ್ಚ್‌ನಲ್ಲಿ! ಇದು ನಕಲಿ ಹಿಮ. ಲೈಟರ್ ಹಿಡಿದರೆ ನೀರಾಗದೆ ಕಪ್ಪಾಗುತ್ತದೆ.’ ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಸುಳ್ಳು.

ಕಾಶ್ಮೀರದ ಕಡುಚಳಿಯ 40 ದಿನ, ಅಂದರೆ ಚಿಲ್ಲೈ ಕಲಾನ್, ಜನವರಿ ಕೊನೆಗೆ ಮುಗಿಯುತ್ತದೆ, ನಿಜ. ಆದರೆ ಮೆಡಿಟರೇನಿಯನ್ ಕಡೆಯಿಂದ ಮಳೆ, ಹಿಮ ತರುವ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ಗಳು ಮಾರ್ಚ್, ಏಪ್ರಿಲ್‌ನಲ್ಲೂ ಬರುತ್ತಲೇ ಇರುತ್ತವೆ. ಬಾದಾಮಿ ಮರ ಹೂ ಬಿಟ್ಟ ಮೇಲೂ ಕಣಿವೆಯ ಹವೆ ದಿನಕ್ಕೊಂದು ಥರ.

ಉಳಿದದ್ದು ಎತ್ತರದ ಲೆಕ್ಕ. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಗುಲ್ಮಾರ್ಗ್ ಸುಮಾರು 2,650. ಸಾವಿರ ಮೀಟರ್ ಮೇಲೇರಿದರೆ ಸರಾಸರಿ 6 ಡಿಗ್ರಿಯಷ್ಟು ತಂಪು ಜಾಸ್ತಿ. ಮೇಲೆ ಹಿಮವಾಗಿಯೇ ಉಳಿದದ್ದು ಕೆಳಗಿಳಿಯುವಷ್ಟರಲ್ಲಿ ಕರಗಿ ಮಳೆಯಾಗುತ್ತದೆ, ಅಷ್ಟೇ.

ಇನ್ನು ಲೈಟರ್ ವಿಷಯ. ಆ ಕಪ್ಪು, ಗ್ಯಾಸ್ ಪೂರ್ತಿ ಉರಿಯದೆ ಉಳಿದ ಮಸಿ. ಕರಗಿದ ನೀರನ್ನು ಹಿಮದ ಉಂಡೆಯೇ ಹೀರಿಕೊಳ್ಳುತ್ತದೆ, ಅದಕ್ಕೇ ಕೂಡಲೇ ತೊಟ್ಟಿಕ್ಕುವುದಿಲ್ಲ. ಅದೇ ಉಂಡೆಯನ್ನು ಪಾತ್ರೆಗೆ ಹಾಕಿ ಒಲೆಯ ಮೇಲಿಡಿ, ನೀರೇ ಆಗುತ್ತದೆ.

ಮಾರ್ಚ್‌ನಲ್ಲಿ ಅಲ್ಲಿಗೆ ಹೋಗುವವರು ಸ್ವೆಟರ್ ಜೊತೆ ಮಳೆಕೋಟೂ ಇಟ್ಟುಕೊಳ್ಳಿ. ಜೋರು ಮಳೆಗೆ ಜಮ್ಮು–ಶ್ರೀನಗರ ಹೆದ್ದಾರಿಯಲ್ಲಿ ಗುಡ್ಡ ಕುಸಿಯುವುದುಂಟು. ಹೊರಡುವ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಕೊಳ್ಳಿ.